ಕಲ್ಲುದಾರಿಯಲ್ಲಿ ಬೈಸಿಕಲ್ ಸವಾರಿ: ಪೆಡಲು ಬಡಿತವನ್ನು ತಪ್ಪಿಸುವ ಬಗೆ

ಪೀಠಿಕೆ

ಬೈಸಿಕಲ್ಲು ನಮ್ಮ ದೇಶದ ಜನಸಾಮಾನ್ಯರಿಗೆ ಚಿರಪರಿಚಿತವಾದ ವಾಹನ. ಅಂಚೆಯವರು, ಹಾಲಿನವರು, ಶಾಲೆಯ ಮಕ್ಕಳು, ಕಾರ್ಖಾನೆಯ ಕಾರ್ಮಿಕರು ಹೀಗೆ ಎಲ್ಲರ ನಿತ್ಯಜೀವನದಲ್ಲಿಯೂ ಅದು ಬೆರೆತುಹೋಗಿದೆ. ಆದರೆ ರಸ್ತೆಯನ್ನು ಬಿಟ್ಟು ಗುಡ್ಡಬೆಟ್ಟಗಳ ಕಾಲುದಾರಿಯಲ್ಲಿ ಸೈಕಲ್ ಓಡಿಸುವ ಹವ್ಯಾಸ ಹೆಚ್ಚು ಹಳೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ, ಮೌಂಟ್ ಟ್ಯಾಮಲ್ಪಾಯಸ್ ಎಂಬ ಬೆಟ್ಟದ ಆಸುಪಾಸಿನಲ್ಲಿ, 1970ರ ದಶಕದಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಮಣ್ಣುದಾರಿಯನ್ನು ಇಳಿಯತೊಡಗಿದರು. ಅವರಲ್ಲೊಬ್ಬರಾದ ಜೋ ಬ್ರೀಜ್ 1977ರಲ್ಲಿ ಇಂತಹ ದಾರಿಗೆಂದೇ ಹೊಸ ಚೌಕಟ್ಟುಗಳನ್ನು ನಿರ್ಮಿಸಿದರು. 1996ರ ಅಟ್ಲಾಂಟ ಒಲಿಂಪಿಕ್ ಕ್ರೀಡಾಕೂಟದಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಸ್ಥಾನ ದೊರೆಯಿತು.

ಇಂದು ಮುಂಬಯಿ, ಪುಣೆ, ಹೈದರಾಬಾದು, ದೆಹಲಿ, ಚೆನ್ನೈ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ರಜೆಯ ದಿನ ಬೆಳಗಿನ ಜಾವವೇ ಸೈಕಲ್ಲಿನೊಡನೆ ಬೆಟ್ಟದ ಕಡೆಗೆ ಹೊರಡುವವರು ಇದ್ದಾರೆ. ಈ ಹವ್ಯಾಸ ಆರೋಗ್ಯಕ್ಕೆ ಹಿತಕರ. ಆದರೆ ಕಲ್ಲು ತುಂಬಿದ ದಾರಿಯಲ್ಲಿ ಹೊಸ ಸವಾರನನ್ನು ಅನಿರೀಕ್ಷಿತವಾಗಿ ಕೆಡವುವ ಒಂದು ಅಪಾಯವಿದೆ. ತುಳಿಯುತ್ತಿರುವ ಪೆಡಲು ಕೆಳಗಿಳಿದಾಗ ನೆಲದ ಕಲ್ಲಿಗೆ ಬಡಿಯುವುದೇ ಆ ಅಪಾಯ. ಇದನ್ನು ಈ ಪಾಠದಲ್ಲಿ ‘ಪೆಡಲು ಬಡಿತ’ ಎಂದು ಕರೆಯಲಾಗಿದೆ. ಇದರ ಕಾರಣಗಳನ್ನೂ ನಿವಾರಣೋಪಾಯಗಳನ್ನೂ ಕ್ರಮವಾಗಿ ತಿಳಿದುಕೊಳ್ಳೋಣ.

1. ಪೆಡಲು ಬಡಿತವೆಂದರೇನು?

ಒಂದು ಸಾಮಾನ್ಯ ಪ್ರಸಂಗವನ್ನು ಊಹಿಸಿಕೊಳ್ಳಿ. ಸವಾರನೊಬ್ಬ ಬೆಟ್ಟದ ಇಕ್ಕಟ್ಟಾದ ದಾರಿಯಲ್ಲಿ ಏರುತ್ತಿದ್ದಾನೆ. ಮುಂದಿನ ಚಕ್ರ ಒಂದು ಕಲ್ಲಿನ ಪಕ್ಕದಲ್ಲಿ ಸುಗಮವಾಗಿ ಸಾಗಿತು. ಕಲ್ಲು ದಾಟಿತೆಂದು ಭಾವಿಸಿ ಅವನು ಬಲಗಾಲಿನಿಂದ ಜೋರಾಗಿ ತುಳಿದನು. ಅದೇ ಕ್ಷಣದಲ್ಲಿ ಬಲಗಡೆಯ ಪೆಡಲು ಕಲ್ಲಿನ ತಲೆಗೆ ಬಡಿಯಿತು. ಸೈಕಲ್ಲು ಎಡಕ್ಕೆ ಹಾರಿತು, ಪಾದ ಪೆಡಲಿನಿಂದ ಜಾರಿತು, ಸವಾರ ಕೈಯೂರಿ ಬಿದ್ದನು. ಹೀಗೆ ಬಿದ್ದಾಗ ಮಣಿಕಟ್ಟು ಅಥವಾ ಕತ್ತಿನ ಕೆಳಗಿನ ಕೊರಳೆಲುಬು ಮುರಿಯುವ ಸಂಭವವಿರುತ್ತದೆ. ರಸ್ತೆಯಿಂದ ಒಂದು ಗಂಟೆಯ ನಡಿಗೆಯಷ್ಟು ದೂರದಲ್ಲಿ ಮೂಳೆ ಮುರಿದುಕೊಂಡವನ ಪಾಡು ಎಂತಹುದು, ದುಡಿಮೆಯನ್ನೇ ನಂಬಿದ ಸಂಸಾರಕ್ಕೆ ಅವನ ಕೈ ಕೆಲವು ವಾರ ಕಟ್ಟಿನಲ್ಲಿರುವುದೆಂದರೆ ಏನು ಎಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಸಣ್ಣ ತಾಗುವಿಕೆಗೆ ಇಷ್ಟು ದೊಡ್ಡ ಪರಿಣಾಮವೇಕೆ? ಇದರ ಹಿಂದೆ ಸರಳವಾದ ಯಂತ್ರತತ್ತ್ವವಿದೆ. ಪೆಡಲನ್ನು ಹಿಡಿದಿರುವ ತೋಳಿಗೆ ಕ್ರ್ಯಾಂಕು ಎಂದು ಹೆಸರು. ಅದರ ಉದ್ದ ಸಾಮಾನ್ಯವಾಗಿ 165ರಿಂದ 175 ಮಿಲಿಮೀಟರು. ದೊಡ್ಡ ಚಕ್ರದ ತ್ರಿಜ್ಯವಾದರೋ ಸುಮಾರು 370 ಮಿಲಿಮೀಟರು, ಅಂದರೆ ಕ್ರ್ಯಾಂಕಿನ ಎರಡು ಪಟ್ಟಿಗಿಂತ ಅಧಿಕ. ಕೆಳಗಿರುವ ಪೆಡಲು ಕಲ್ಲಿಗೆ ಸಿಕ್ಕಿಬಿದ್ದಾಗ, ಮುಂದಕ್ಕೆ ಸಾಗುತ್ತಿರುವ ಸೈಕಲ್ಲಿಗೆ ಹೋಲಿಸಿದರೆ ಪೆಡಲು ಹಿಂದಕ್ಕೆ ತಳ್ಳಲ್ಪಡುತ್ತದೆ. ಅದು ತುಳಿಯುವ ದಿಕ್ಕೇ ಆಗಿರುವುದರಿಂದ ಆ ಒತ್ತಡ ಚೈನಿನ ಮೂಲಕ ಹಿಂಚಕ್ರವನ್ನು ಇದ್ದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ತಿರುಗಿಸಲು ಹವಣಿಸುತ್ತದೆ. ನೆಲವನ್ನು ಕಚ್ಚಿಕೊಂಡ ಚಕ್ರ ಹಾಗೆ ತಿರುಗಲಾರದು. ಆದುದರಿಂದ ಕ್ರ್ಯಾಂಕು ಒಂದು ಊರುಗೋಲಿನಂತೆ ಬಿಗಿದು ನಿಂತು ಸೈಕಲ್ಲನ್ನು ಮೇಲಕ್ಕೂ ಪಕ್ಕಕ್ಕೂ ಎತ್ತಿಹಾಕುತ್ತದೆ. ವೇಗ ಹೆಚ್ಚಿದ್ದಷ್ಟೂ ಈ ಎತ್ತುವಿಕೆ ಪ್ರಬಲವಾಗಿರುತ್ತದೆ.

2. ನೆಲಕ್ಕೂ ಪೆಡಲಿಗೂ ಇರುವ ಅಂತರ

ಎರಡು ಕ್ರ್ಯಾಂಕುಗಳನ್ನು ಜೋಡಿಸುವ ಅಚ್ಚು ಚೌಕಟ್ಟಿನ ತಳದಲ್ಲಿರುತ್ತದೆ. ರಿಪೇರಿ ಅಂಗಡಿಯವರು ಇದನ್ನು ‘ಬಿ.ಬಿ.’ ಎನ್ನುತ್ತಾರೆ. ನೆಲದಿಂದ ಈ ಅಚ್ಚಿನ ಎತ್ತರವೇ ನಮ್ಮ ಲೆಕ್ಕದ ಮೂಲ. ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು.

ಅಚ್ಚಿನ ಎತ್ತರ 335 ಮಿ.ಮೀ., ಕ್ರ್ಯಾಂಕಿನ ಉದ್ದ 175 ಮಿ.ಮೀ., ಪೆಡಲಿನ ಅರ್ಧ ದಪ್ಪ 10 ಮಿ.ಮೀ. ಎಂದಿಟ್ಟುಕೊಳ್ಳಿ. ಪೆಡಲು ಪೂರ್ತಿ ಕೆಳಗಿರುವಾಗ ನೆಲದಿಂದ ಅದರ ಅಂತರ 335ರಿಂದ 185ನ್ನು ಕಳೆದರೆ ಉಳಿಯುವ 150 ಮಿ.ಮೀ. ಆದರೆ ಇದು ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಲೆಕ್ಕ. ಮುಂದೆಯೂ ಹಿಂದೆಯೂ ಸ್ಪ್ರಿಂಗಿನ ಅಥವಾ ಗಾಳಿಯ ಆಘಾತಶಾಮಕಗಳಿರುವ ಸೈಕಲ್ಲಿನ ಮೇಲೆ ಸವಾರ ಕುಳಿತೊಡನೆ ಅವು ಕುಗ್ಗುತ್ತವೆ. ಅಚ್ಚು 35 ಮಿ.ಮೀ. ಇಳಿಯಿತೆಂದರೆ ಉಳಿದುದು 115 ಮಿ.ಮೀ. ಚಕ್ರಗಳು ಒಂದು ಮೆಟ್ಟಿಲಿನಿಂದ ಇಳಿದು ನೆಲಕ್ಕೆ ಅಪ್ಪಳಿಸಿದಾಗ ಇನ್ನೂ 65 ಮಿ.ಮೀ. ಕುಗ್ಗಿದರೆ ಉಳಿಯುವುದು ಕೇವಲ 50 ಮಿ.ಮೀ., ಅಂದರೆ ಎರಡು ಅಂಗುಲ ಮಾತ್ರ. ಮನೆಯ ಮುಂದೆ ಅಳೆದಾಗ ಧಾರಾಳವಾಗಿ ದಾಟಿದ್ದ ಕಲ್ಲು ಬೆಟ್ಟದಲ್ಲಿ ಬಡಿಯುವುದು ಈ ಕಾರಣದಿಂದಲೇ.

ಈಗ ಅದೇ ಸೈಕಲ್ಲಿನಲ್ಲಿ ಎರಡೂ ಪೆಡಲುಗಳನ್ನು ಒಂದೇ ಮಟ್ಟಕ್ಕೆ, ಒಂದು ಮುಂದೆ ಒಂದು ಹಿಂದೆ ಇರುವಂತೆ, ನಿಲ್ಲಿಸಿದರೆ ಏನಾಗುತ್ತದೆ? ಆಗ ಪೆಡಲುಗಳಿಗಿಂತ ಕೆಳಗಿರುವುದು ಮುಂದಿನ ಹಲ್ಲುಚಕ್ರ. ಅದು 32 ಹಲ್ಲಿನದಾದರೆ ಅದರ ತ್ರಿಜ್ಯ ಸುಮಾರು 65 ಮಿ.ಮೀ. ಆದುದರಿಂದ 335ರಿಂದ 65ನ್ನು ಕಳೆದು 270 ಮಿ.ಮೀ. ಮೇಲೆ ಹೇಳಿದ ಎರಡೂ ಕುಗ್ಗುವಿಕೆಗಳನ್ನು, ಅಂದರೆ 100 ಮಿ.ಮೀ.ಗಳನ್ನು ಕಳೆದರೂ 170 ಮಿ.ಮೀ. ಉಳಿಯುತ್ತದೆ. ಕಷ್ಟದ ಗಳಿಗೆಯಲ್ಲಿ ಒಂದು ಭಂಗಿಗೆ 50, ಇನ್ನೊಂದಕ್ಕೆ 170 ಮಿ.ಮೀ. ಈ ವ್ಯತ್ಯಾಸಕ್ಕೆ ಹಣ ತೆರಬೇಕಾಗಿಲ್ಲ, ಅಭ್ಯಾಸವಿದ್ದರೆ ಸಾಕು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಅಂತರವನ್ನು ಎರಡು ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಕೂಡಿಸುವ ರೇಖೆಯಿಂದ ಎಣಿಸಬೇಕು. ಚಕ್ರಗಳು ತಗ್ಗಿನಲ್ಲಿದ್ದು ನಡುವೆ ನೆಲ ಉಬ್ಬಿದ್ದರೆ ಸಣ್ಣ ಕಲ್ಲೂ ತಾಗುತ್ತದೆ. ಎರಡನೆಯದಾಗಿ, ಸೈಕಲ್ಲು ವಾಲಿದಾಗ ವಾಲಿದ ಕಡೆಯ ಪೆಡಲು ನೆಲಕ್ಕೆ ಸಮೀಪಿಸುತ್ತದೆ. ಪೆಡಲಿನ ಹೊರತುದಿ ಸೈಕಲ್ಲಿನ ನಡುರೇಖೆಯಿಂದ ಸುಮಾರು 19 ಸೆಂ.ಮೀ. ದೂರವಿರುವುದರಿಂದ, ಕೇವಲ 15 ಡಿಗ್ರಿಯಷ್ಟು ವಾಲಿದರೂ ಸುಮಾರು 5 ಸೆಂ.ಮೀ. ಅಂತರ ನಷ್ಟವಾಗುತ್ತದೆ.

3. ಕಲ್ಲನ್ನು ಅರಿಯುವುದು

ಎಲ್ಲ ಬೆಟ್ಟಗಳ ಕಲ್ಲೂ ಒಂದೇ ಬಗೆಯದಲ್ಲ. ಮುಂಬಯಿ ಮತ್ತು ಪುಣೆಗಳ ನಡುವಣ ಸಹ್ಯಾದ್ರಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಪದರಪದರವಾಗಿ ಹೆಪ್ಪುಗಟ್ಟಿದ ಲಾವಾದಿಂದ ರೂಪುಗೊಂಡ ಕಪ್ಪು ಬಸಾಲ್ಟ್ ಶಿಲೆಯದು. ಕೋಟೆಗಳತ್ತ ಏರುವ ದಾರಿಗಳಲ್ಲಿ ಈ ಶಿಲೆ ಮೆಟ್ಟಿಲುಗಳಂತೆಯೂ ಬಿಡಿಗಲ್ಲುಗಳಂತೆಯೂ ಎದುರಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹೈದರಾಬಾದಿನ ಸುತ್ತಮುತ್ತಲಿನ ಗ್ರಾನೈಟ್ ಬಂಡೆಗಳು ದುಂಡಾಗಿ, ನೆಲದಲ್ಲಿ ಅಲುಗದಂತೆ ಹುದುಗಿರುತ್ತವೆ. ನಮ್ಮ ರಾಮನಗರದ ಬೆಟ್ಟಗಳನ್ನು ಕಂಡವರಿಗೆ ಇವು ಹೊಸದಲ್ಲ. ದೆಹಲಿಯ ಅರಾವಳಿ ದಿಣ್ಣೆಯ ಕ್ವಾರ್ಟ್ಸೈಟ್ ಶಿಲೆ ಒಡೆದಾಗ ಚೂಪಾದ ಅಂಚುಗಳನ್ನು ತಳೆಯುತ್ತದೆ. ಚೆನ್ನೈ ಬಳಿಯ ಪಲ್ಲಾವರದ ಗುಡ್ಡಗಳದು ಗಡುಸಾದ ಚಾರ್ನೊಕೈಟ್ ಶಿಲೆ.

ಸವಾರನಿಗೆ ಮುಖ್ಯವಾದುದು ಈ ಹೆಸರುಗಳಲ್ಲ, ಕಲ್ಲು ಅಲುಗುವುದೋ ಅಲುಗದೋ ಎಂಬ ಪ್ರಶ್ನೆ. ಬಿಡಿಗಲ್ಲಿಗೆ ಪೆಡಲು ತಾಗಿದರೆ ಅದು ಉರುಳಿ ದಾರಿ ಬಿಡಬಹುದು. ನೆಲದಲ್ಲಿ ಹುದುಗಿದ ಕಲ್ಲು ಉರುಳದು. ಆಗ ಉರುಳುವವನು ಸವಾರನೇ. ಸುತ್ತಲೂ ಮಣ್ಣು ಗಟ್ಟಿಯಾಗಿ ಕೂಡಿಕೊಂಡಿರುವ, ತಲೆ ಮಾತ್ರ ಕಾಣುವ ಕಲ್ಲನ್ನು ಹುದುಗಿದ ಕಲ್ಲೆಂದೇ ಭಾವಿಸತಕ್ಕದ್ದು.

4. ಸವಾರಿಯ ಕ್ರಮ

(ಅ) ದೃಷ್ಟಿ: ಮುಂಚಕ್ರದ ಬುಡವನ್ನು ನೋಡುತ್ತ ಸಾಗುವುದು ಹೊಸಬರ ಸಾಮಾನ್ಯ ದೋಷ. ಕಲ್ಲು ಅಲ್ಲಿ ಕಾಣಿಸುವ ಹೊತ್ತಿಗೆ ಕಾಲಾವಕಾಶ ಮೀರಿರುತ್ತದೆ. ಹಲವು ಮೀಟರು ಮುಂದೆ ನೋಡಿ ದಾರಿಯನ್ನು ಆರಿಸಿಕೊಂಡು, ಎಲ್ಲಿ ತುಳಿಯಬೇಕು, ಎಲ್ಲಿ ತುಳಿಯುವುದನ್ನು ನಿಲ್ಲಿಸಬೇಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ಚಕ್ರ ಹೋಗುವ ಗೆರೆಯನ್ನಷ್ಟೇ ಅಲ್ಲದೆ ಅದರ ಎರಡೂ ಪಕ್ಕದಲ್ಲಿ ಒಂದು ಗೇಣಿನಷ್ಟು ಅಗಲವನ್ನೂ ನೋಡಬೇಕು. ಏಕೆಂದರೆ ಪೆಡಲುಗಳು ಸಾಗುವುದು ಅಲ್ಲಿಯೇ.

(ಆ) ಸಮಮಟ್ಟದ ಪೆಡಲು: ಇಳಿಜಾರಿನಲ್ಲಿಯೂ ವೇಗವಿರುವಾಗಲೂ ಕಲ್ಲು ಬಂದೊಡನೆ ತುಳಿಯುವುದನ್ನು ನಿಲ್ಲಿಸಿ, ಪೆಡಲುಗಳನ್ನು ಸಮಮಟ್ಟಕ್ಕೆ ತಂದು, ಆಸನದಿಂದ ತುಸು ಮೇಲೆದ್ದು, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿ ಸಾಗಬೇಕು. ಬ್ರೇಕನ್ನು ಕಲ್ಲಿಗೆ ಮುಂಚೆಯೇ ಹಿಡಿದು, ಕಲ್ಲಿನ ಮೇಲೆ ಆದಷ್ಟು ಸಡಿಲಿಸಬೇಕು. ಮುಂದಿನ ಬ್ರೇಕನ್ನು ಬಿಗಿದಾಗ ಮುಂಭಾಗ ಕುಗ್ಗಿ ಅಚ್ಚು ಇನ್ನಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಮರೆಯಬಾರದು.

(ಇ) ಅರೆತುಳಿತ: ಏರುದಾರಿಯಲ್ಲಿ ತುಳಿಯುವುದನ್ನು ಪೂರ್ತಿ ನಿಲ್ಲಿಸಿದರೆ ಸೈಕಲ್ಲು ನಿಂತುಬಿಡುತ್ತದೆ. ಇಲ್ಲಿ ನೆರವಾಗುವುದು ಅರೆತುಳಿತ. ಮುಂದಿರುವ ಪೆಡಲನ್ನು ಕಾಲು ಸುತ್ತಿಗಿಂತ ಕಡಿಮೆ ತುಳಿದು, ಅದು ತಳ ಮುಟ್ಟುವ ಮೊದಲೇ ಹಿಂದಕ್ಕೆ ತಿರುಗಿಸಿ, ಮತ್ತೆ ತುಳಿಯಬೇಕು. ಕೈಗಡಿಯಾರಕ್ಕೆ ಕೀಲಿ ಕೊಡುವಾಗ ಬೆರಳು ಹಿಂದೆ ಮುಂದೆ ಆಡುವಂತೆಯೇ ಇದು. ಹಿಂಚಕ್ರದ ಫ್ರೀವೀಲು ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಎಲ್ಲ ಫ್ರೀವೀಲುಗಳೂ ಒಂದೇ ಬೇಗದಲ್ಲಿ ಕಚ್ಚುವುದಿಲ್ಲ. ಒಂದು ಸುತ್ತಿಗೆ 18 ಕಡೆ ಕಚ್ಚುವಂತಹುದರಲ್ಲಿ 20 ಡಿಗ್ರಿಯವರೆಗೆ ಚಲನೆ ವ್ಯರ್ಥವಾಗಬಹುದು. 36 ಕಡೆ ಕಚ್ಚುವುದಾದರೆ 10 ಡಿಗ್ರಿ, 72 ಆದರೆ 5 ಡಿಗ್ರಿ. ತಮ್ಮ ಸೈಕಲ್ಲಿನ ಸ್ವಭಾವವನ್ನು ಸವಾರರು ಮೊದಲೇ ಅರಿತಿರಬೇಕು.

(ಈ) ತುಳಿತದ ಲೆಕ್ಕ ಮತ್ತು ಗೇರು: ದೊಡ್ಡ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರು ಸಾಗುತ್ತದೆ. ಮುಂದೆ 32, ಹಿಂದೆ 50 ಹಲ್ಲಿನ ಅತ್ಯಂತ ಹಗುರವಾದ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸಾಗುವ ದೂರ ಸುಮಾರು 1.5 ಮೀಟರು. ಹೀಗೆ 10 ಮೀಟರಿನಲ್ಲಿ ಎರಡು ಪೆಡಲುಗಳೂ ಸೇರಿ 13ರಿಂದ 14 ಬಾರಿ ತಳ ಮುಟ್ಟುತ್ತವೆ. ಹಿಂದೆ 32 ಹಲ್ಲಿನ ಗೇರು ಹಾಕಿದರೆ ಅದೇ ದೂರದಲ್ಲಿ ತಳ ಮುಟ್ಟುವುದು ಸುಮಾರು 9 ಬಾರಿ. ಆದುದರಿಂದ ಕಲ್ಲು ತುಂಬಿದ ತುಣುಕಿಗೆ ಪ್ರವೇಶಿಸುವ ಮುನ್ನ ಒಂದೆರಡು ಗೇರು ಗಡುಸು ಮಾಡಿಕೊಂಡರೆ ಬಡಿತದ ಸಂದರ್ಭಗಳು ಕಡಿಮೆಯಾಗುತ್ತವೆ. ಮೊಣಕಾಲು ನೋಯುವಷ್ಟು ಗಡುಸು ಮಾಡಿಕೊಳ್ಳುವುದು ಸಲ್ಲದು. ಕಲ್ಲು ಒಂದೇ ಇದ್ದಲ್ಲಿ, ಅದು ಪಕ್ಕದಲ್ಲಿ ಹಾದುಹೋಗುವಾಗ ಆ ಕಡೆಯ ಪೆಡಲು ಮೇಲಿರುವಂತೆ ಅದಕ್ಕೆ ಮುಂಚೆ ಅರ್ಧ ಸುತ್ತನ್ನು ಹಿಂದಕ್ಕೆ ತಿರುಗಿಸಿ ಹೊಂದಿಸಿಕೊಳ್ಳಬಹುದು.

(ಉ) ತಿರುವು ಮತ್ತು ಓರೆನೆಲ: ತಿರುವಿನಲ್ಲಿ ಒಳಬದಿಯ ಪೆಡಲು ಮೇಲೆ, ಹೊರಬದಿಯದು ಕೆಳಗೆ ಇರಬೇಕು. ಬೆಟ್ಟದ ಇಳಿಜಾರನ್ನು ಅಡ್ಡಲಾಗಿ ಕೊರೆದ ದಾರಿಯಲ್ಲಿ ಬೆಟ್ಟದ ಕಡೆಯ ಪೆಡಲು ಮೇಲಿರಬೇಕು. ಇಂತಹ ದಾರಿಯಲ್ಲಿ ಬೆಟ್ಟದ ಕಡೆ ಬಡಿದರೆ ಸವಾರ ಬೀಳುವುದು ಕಣಿವೆಯ ಕಡೆಗೆ. ಆದುದರಿಂದ ಈ ನಿಯಮವನ್ನು ಎಂದಿಗೂ ಕಡೆಗಣಿಸಕೂಡದು. ದಾರಿ ಇಕ್ಕಟ್ಟಾಗಿದ್ದು ಸಂದೇಹವಿದ್ದರೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೇ ವಿವೇಕ. ಅದರಲ್ಲಿ ಅವಮಾನವೇನೂ ಇಲ್ಲ.

5. ಸೈಕಲ್ಲಿನ ಹೊಂದಾಣಿಕೆ

ಕೌಶಲಕ್ಕೆ ಪೂರಕವಾಗಿ ಸೈಕಲ್ಲನ್ನೂ ಸರಿಪಡಿಸಿಕೊಳ್ಳಬೇಕು. ಹಿಂದಿನ ಆಘಾತಶಾಮಕ ಸವಾರನ ಭಾರಕ್ಕೆ ತನ್ನ ಚಲನೆಯ ಶೇಕಡ 25ರಿಂದ 30ರಷ್ಟು ಕುಗ್ಗುವುದು ಸಾಮಾನ್ಯವಾಗಿ ಯೋಗ್ಯವೆನಿಸಿದೆ. ಗಾಳಿ ಕಡಿಮೆಯಾಗಿ ಇದು ಶೇಕಡ 40ಕ್ಕೆ ಏರಿದರೆ, ಚಕ್ರದ ಚಲನೆ 140 ಮಿ.ಮೀ. ಇರುವ ಸೈಕಲ್ಲಿನ ಹಿಂಭಾಗ ಶೇಕಡ 30ರ ಮಟ್ಟಕ್ಕಿಂತ 14 ಮಿ.ಮೀ. ಹೆಚ್ಚು ಕುಸಿಯುತ್ತದೆ. ಪದೇ ಪದೇ ಪೆಡಲು ಬಡಿಯತೊಡಗಿದರೆ ಮೊದಲು ಪರೀಕ್ಷಿಸಬೇಕಾದುದು ಈ ಗಾಳಿಯನ್ನೇ. ಏರುವಾಗ ಆಘಾತಶಾಮಕವನ್ನು ಬಿಗಿಗೊಳಿಸುವ ಸನ್ನೆಯಿದ್ದರೆ ಅದನ್ನು ಬಳಸಬಹುದು.

ಕ್ರ್ಯಾಂಕನ್ನು 175ರಿಂದ 165 ಮಿ.ಮೀ.ಗೆ ಇಳಿಸಿದರೆ ಪೂರ್ತಿ 10 ಮಿ.ಮೀ. ಅಂತರ ಲಭಿಸುತ್ತದೆ. ಇದರಿಂದ ತುಳಿತದ ಸನ್ನೆಬಲ ಶೇಕಡ 6ರ ಸಮೀಪ ಕಡಿಮೆಯಾಗುತ್ತದೆ. ಮುಂದಿನ ಹಲ್ಲುಚಕ್ರವನ್ನು 32ರಿಂದ 30 ಹಲ್ಲಿಗೆ ಬದಲಾಯಿಸಿದರೆ ಈ ಕೊರತೆ ತುಂಬಿಬರುತ್ತದೆ. ಕುಳಿತು ತುಳಿಯುವ ಎತ್ತರವನ್ನು ಕಾಪಾಡಲು ಆಸನವನ್ನೂ 10 ಮಿ.ಮೀ. ಏರಿಸಬೇಕು. ತೆಳುವಾದ ಪೆಡಲುಗಳೂ ಕೆಲವು ಮಿಲಿಮೀಟರುಗಳನ್ನು ಉಳಿಸುತ್ತವೆ. ಆದರೆ ಈ ವೆಚ್ಚಗಳಿಗೆ ಕೈಹಾಕುವ ಮುನ್ನ ನಾಲ್ಕನೆಯ ವಿಭಾಗದಲ್ಲಿ ಹೇಳಿದ ಕ್ರಮಗಳನ್ನು ಒಂದು ತಿಂಗಳಾದರೂ ಅಭ್ಯಾಸ ಮಾಡುವುದು ಒಳ್ಳೆಯದು.

6. ಮೈದಾನದಲ್ಲಿ ಅಭ್ಯಾಸ

ಬೆಟ್ಟಕ್ಕೆ ಹೋಗುವ ಮೊದಲು ಮನೆಯ ಸಮೀಪದ ಮೈದಾನದಲ್ಲಿ ಅಪಾಯವಿಲ್ಲದೆ ಅಭ್ಯಾಸ ಮಾಡಬಹುದು. ಚಪ್ಪಲಿ, ಬೂಟುಗಳ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಏಳೆಂಟು ಸಂಗ್ರಹಿಸಿರಿ. ಅವನ್ನು ಒಂದು ಗೆರೆಯ ಎಡಬಲಗಳಲ್ಲಿ, ಗೆರೆಯಿಂದ ಸುಮಾರು 15 ಸೆಂ.ಮೀ. ದೂರಕ್ಕೆ, ಬೇರೆ ಬೇರೆ ಅಂತರಗಳಲ್ಲಿ ಇಡಿರಿ. ಗೆರೆಯ ಮೇಲೆ ನಿಧಾನವಾಗಿ ಸೈಕಲ್ ಓಡಿಸುತ್ತ ಒಂದು ಪೆಟ್ಟಿಗೆಯನ್ನೂ ಪೆಡಲು ಮುಟ್ಟದಂತೆ ದಾಟಲು ಯತ್ನಿಸಿರಿ. ಬಡಿದರೂ ರಟ್ಟು ನುಜ್ಜಾಗುತ್ತದೆಯೇ ಹೊರತು ಮೂಳೆಗೆ ಅಪಾಯವಿಲ್ಲ. ಮೊದಲು ಸಮಮಟ್ಟದ ಪೆಡಲಿನಿಂದ, ಅನಂತರ ಅರೆತುಳಿತದಿಂದ, ಕೊನೆಗೆ ಏರುನೆಲದಲ್ಲಿ ಇದನ್ನು ಸಾಧಿಸಿರಿ. ಮನೆಯ ಮಕ್ಕಳನ್ನೂ ಇದರಲ್ಲಿ ತೊಡಗಿಸಿದರೆ ಆಟವೂ ಆಗುತ್ತದೆ, ಪಾಠವೂ ಆಗುತ್ತದೆ.

7. ಬಡಿತದ ಅನಂತರ

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ಪೆಡಲು ಬಡಿಯುವುದುಂಟು. ಬೀಳದಿದ್ದರೂ ಸುರಕ್ಷಿತವಾದ ಜಾಗದಲ್ಲಿ ನಿಂತು ಪರೀಕ್ಷಿಸಬೇಕು. ಪೆಡಲನ್ನು ಕೈಯಿಂದ ತಿರುಗಿಸಿದಾಗ ಅದರ ತುದಿ ಓಲಾಡಿದರೆ ಅಚ್ಚು ಬಾಗಿದೆ ಎಂದರ್ಥ. ಕ್ರ್ಯಾಂಕಿನಲ್ಲಿ, ವಿಶೇಷವಾಗಿ ಪೆಡಲು ಸೇರುವ ರಂಧ್ರದ ಸುತ್ತ, ಬಿರುಕಿದೆಯೇ ಎಂದು ನೋಡಬೇಕು. ಕಾರ್ಬನ್ ನಾರಿನ ಕ್ರ್ಯಾಂಕುಗಳಲ್ಲಿ ಇದು ಮತ್ತಷ್ಟು ಅವಶ್ಯಕ. ಬಿರುಕು ಕಂಡರೆ ಅದರ ಮೇಲೆ ನಿಂತು ತುಳಿಯತಕ್ಕದ್ದಲ್ಲ. ಪೆಡಲು ಸಡಿಲವಾಗಿದ್ದರೆ ಬಿಗಿಯುವಾಗ, ಬಲಗಡೆಯದು ಗಡಿಯಾರದ ದಿಕ್ಕಿನಲ್ಲಿಯೂ ಎಡಗಡೆಯದು ಅದಕ್ಕೆ ವಿರುದ್ಧವಾಗಿಯೂ ಬಿಗಿಯಾಗುತ್ತದೆ ಎಂಬುದನ್ನು ನೆನಪಿಡಬೇಕು.

ಸವಾರನಿಗೆ ಪೆಟ್ಟಾಗಿದ್ದರೆ ಸೈಕಲ್ಲಿನ ಯೋಚನೆ ಬಿಟ್ಟು ಮೊದಲು ಅವನನ್ನು ನೋಡಬೇಕು. ತಲೆಗೆ ಪೆಟ್ಟು ಬಿದ್ದು ಮಂಕು ಕವಿದಂತಿದ್ದರೆ, ವಾಂತಿಯಾದರೆ, ಕತ್ತು ನೋಯುತ್ತಿದ್ದರೆ ಅವನನ್ನು ಅಲುಗಿಸದೆ 112 ಸಂಖ್ಯೆಗೆ ಕರೆ ಮಾಡಿ ನೆರವು ಕೋರಬೇಕು. ಕೈ ಅಥವಾ ಕೊರಳೆಲುಬು ಮುರಿದಂತಿದ್ದರೆ ಟವೆಲಿನ ಜೋಲಿಯಲ್ಲಿ ತೋಳನ್ನು ಎದೆಗೆ ಆನಿಸಿ ಕಟ್ಟಬೇಕು. ಶಿರಸ್ತ್ರಾಣ, ಕೈಗವಸು, ಮೊಣಕಾಲಿನ ಮತ್ತು ಕಣಕಾಲಿನ ಕಾಪುಗಳನ್ನು ಧರಿಸದೆ ಕಲ್ಲುದಾರಿಗೆ ಇಳಿಯಬಾರದು. ಒಬ್ಬಂಟಿಯಾಗಿ ಹೋಗದಿರುವುದು, ಹೋಗುವ ದಾರಿ ಮತ್ತು ಮರಳುವ ವೇಳೆಯನ್ನು ಮನೆಯಲ್ಲಿ ತಿಳಿಸಿರುವುದು ಅಷ್ಟೇ ಅಗತ್ಯ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಯಂತ್ರಿಸುತ್ತದೆ. ಆದುದರಿಂದ ಅಂತಹ ದಾರಿಗಳಲ್ಲಿ ಸಾಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು.

ನೆನಪಿನಲ್ಲಿಡಬೇಕಾದ ಅಂಶಗಳು

• ನೋಟ ಮುಂದೆ ಇರಲಿ, ನಿರ್ಧಾರ ಕಲ್ಲಿಗೆ ಮೊದಲೇ ಆಗಲಿ.
• ಇಳಿಯುವಾಗ ಪೆಡಲುಗಳು ಸಮಮಟ್ಟದಲ್ಲಿರಲಿ, ಏರುವಾಗ ಅರೆತುಳಿತ ಬಳಸಿರಿ.
• ತಿರುವಿನಲ್ಲಿ ಒಳಪೆಡಲು ಮೇಲೆ, ಓರೆನೆಲದಲ್ಲಿ ಬೆಟ್ಟದ ಕಡೆಯ ಪೆಡಲು ಮೇಲೆ.
• ಆಘಾತಶಾಮಕದ ಗಾಳಿಯನ್ನು ಆಗಾಗ ಪರೀಕ್ಷಿಸಿರಿ.
• ಸಂದೇಹವಿದ್ದಲ್ಲಿ ಇಳಿದು ನಡೆಯಿರಿ.

ಅಭ್ಯಾಸ

1. ನಿಮ್ಮ ಸೈಕಲ್ಲಿನ ಅಚ್ಚಿನ ಎತ್ತರ, ಕ್ರ್ಯಾಂಕಿನ ಉದ್ದ ಮತ್ತು ಪೆಡಲಿನ ದಪ್ಪವನ್ನು ಅಳೆದು, ಕೆಳಗಿರುವ ಪೆಡಲಿಗೂ ನೆಲಕ್ಕೂ ಇರುವ ಅಂತರವನ್ನು ಲೆಕ್ಕಹಾಕಿರಿ. ನೀವು ಆಸನದ ಮೇಲೆ ಕುಳಿತಾಗ ಅದೆಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಇನ್ನೊಬ್ಬರಿಂದ ಅಳೆಸಿರಿ.
2. ಹಿಂಚಕ್ರವನ್ನು ಅಲುಗದಂತೆ ಹಿಡಿದು ಪೆಡಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿರಿ. ಫ್ರೀವೀಲಿನ ಸದ್ದು ಎಷ್ಟು ಬಾರಿ ಕೇಳುತ್ತದೆ? ಗೇರು ಬದಲಾಯಿಸಿದರೆ ಈ ಎಣಿಕೆ ಏಕೆ ಬದಲಾಗುತ್ತದೆ?
3. ಬಲಬದಿಯಲ್ಲಿ ಬೆಟ್ಟ, ಎಡಬದಿಯಲ್ಲಿ ಕಣಿವೆ ಇರುವ ದಾರಿಯಲ್ಲಿ ಯಾವ ಪೆಡಲು ಮೇಲಿರಬೇಕು? ಕಾರಣ ಕೊಡಿರಿ.

ಕಲ್ಲು ಬೆಟ್ಟದ ಸಹಜ ಗುಣ. ಅದನ್ನು ಅಲ್ಲಿಂದ ತೆಗೆದುಹಾಕಲು ನಮಗೆ ಸಾಧ್ಯವೂ ಇಲ್ಲ, ಅಧಿಕಾರವೂ ಇಲ್ಲ. ನಮ್ಮ ಅಧೀನದಲ್ಲಿರುವುದು ನಮ್ಮ ಕಾಲುಗಳೆರಡೇ. ಎಲ್ಲಿ ತುಳಿಯಬೇಕು ಎಂಬುದರಷ್ಟೇ ಎಲ್ಲಿ ತುಳಿಯಬಾರದು ಎಂಬುದನ್ನೂ ಅರಿತು ಸವಾರಿ ಮಾಡಿದಲ್ಲಿ, ಬೆಳಿಗ್ಗೆ ಮನೆಯಿಂದ ಹೊರಟವರು ಸಂಜೆ ಕ್ಷೇಮವಾಗಿ ಮನೆ ಸೇರುವರು.